ಗ್ಲೈಸೀನ್ ಏಕೆ ನಿಲ್ಲಲಿಲ್ಲ? ಹೊಟ್ಟಿನ ಇಂಗಾಲದ ಬಗ್ಗೆ ಓದುಗರ ಪ್ರಶ್ನೆಗಳು

ಹೊಲಗದ್ದೆಯ ತ್ಯಾಜ್ಯದಿಂದ ಸಕ್ರಿಯ ಇಂಗಾಲವನ್ನು ತಯಾರಿಸುವ ಬಗೆಯನ್ನು ಹಿಂದಿನ ಸಂಚಿಕೆಯಲ್ಲಿ ವಿವರಿಸಿದ್ದೆ. ಹೊಟ್ಟು, ಕಟ್ಟಿಗೆ, ಸಿಪ್ಪೆಗಳನ್ನು ಗಾಳಿ ಸಿಗದಂತೆ ಸುಟ್ಟು, ಆಮ್ಲದಿಂದಲೋ ಕ್ಷಾರದಿಂದಲೋ ಹಬೆಯಿಂದಲೋ ಅದರೊಳಗೆ ಸೂಕ್ಷ್ಮ ರಂಧ್ರಗಳನ್ನು ತೆರೆದರೆ, ನೀರಿನಲ್ಲಿ ಕರಗಿದ ವಸ್ತುಗಳು ಆ ರಂಧ್ರಗಳ ಗೋಡೆಗೆ ಬಂದು ಅಂಟುತ್ತವೆ; ಇದನ್ನೇ ಅಧಿಶೋಷಣೆ ಎನ್ನುತ್ತೇವೆ ಎಂದು ಅಲ್ಲಿ ಬರೆದಿದ್ದೆ. ಆ ಬರಹಕ್ಕೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಬೇರೂ ಅದರಲ್ಲಿಯೇ ಇದೆ.

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು. ರಾಯಚೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ನಮ್ಮ ಗದ್ದೆಯ ಭತ್ತದ ಹೊಟ್ಟು ಮತ್ತು ಪಕ್ಕದ ಹೊಲದ ಹತ್ತಿ ಕಟ್ಟಿಗೆಯನ್ನು ಬೇರೆಬೇರೆಯಾಗಿ ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಇಂಗಾಲ ಮಾಡಿದ್ದೇನೆ. ಎರಡೂ ಫೀನೈಲ್‌ಅಲನೀನ್ ಎಂಬ ಅಮೈನೊ ಆಮ್ಲವನ್ನು ಚೆನ್ನಾಗಿ ಹಿಡಿಯುತ್ತವೆ, ಗ್ಲೈಸೀನ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ಮಾತ್ರ ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ. ಕೆಲವು ಸಲ ಇಂಗಾಲ ಹಾಕಿದ ಮೇಲೆ ಗ್ಲೈಸೀನ್ ಹೆಚ್ಚಾದಂತೆಯೂ ಅಮೈನೊ ಆಮ್ಲವನ್ನು ನೇರಳೆ ಬಣ್ಣದಿಂದ ಅಳೆಯುವ ನಿನ್‌ಹೈಡ್ರಿನ್ ಪರೀಕ್ಷೆಯಲ್ಲಿ ಕಾಣುತ್ತದೆ. ಇಂಗಾಲದ ಪ್ರಮಾಣ ಹೆಚ್ಚಿಸಿ ನೋಡು ಎಂಬ ಸಲಹೆ ಬಂದಿದೆ. ನನ್ನ ಇಂಗಾಲ ಕೆಟ್ಟಿದೆಯೇ, ಸರ್?

ಉತ್ತರ: ಇಲ್ಲಮ್ಮ, ನಿಮ್ಮ ಇಂಗಾಲ ಕೆಟ್ಟಿಲ್ಲ. ಅದು ಮಾಡಬೇಕಾದುದನ್ನೇ ಮಾಡುತ್ತಿದೆ. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಬೆರೆತಿವೆ: ಒಂದು ಅಮೈನೊ ಆಮ್ಲದ ಸ್ವಭಾವ, ಇನ್ನೊಂದು ಅಳತೆಯ ದೋಷ. ಇವೆರಡನ್ನೂ ಬಿಡಿಸಿ ನೋಡದಿದ್ದರೆ ಎಷ್ಟು ಇಂಗಾಲ ಸುರಿದರೂ ಪ್ರಯೋಜನವಿಲ್ಲ.

ಮೊದಲು ಸ್ವಭಾವವನ್ನು ನೋಡೋಣ. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ 20 ಅಮೈನೊ ಆಮ್ಲಗಳಲ್ಲಿ, ಪ್ರೋಲೀನ್ ಒಂದನ್ನು ಬಿಟ್ಟರೆ, ಎಲ್ಲಕ್ಕೂ ಬೆನ್ನೆಲುಬು ಒಂದೇ ತೆರನಾದದ್ದು. ನಡುವಿನ ಒಂದು ಇಂಗಾಲದ ಪರಮಾಣುವಿಗೆ ಒಂದು ಕಡೆ ಅಮೈನೊ ಗುಂಪು, ಇನ್ನೊಂದು ಕಡೆ ಕಾರ್ಬಾಕ್ಸಿಲ್ ಗುಂಪು ಕೂಡಿಕೊಂಡಿರುತ್ತವೆ. ಅದಕ್ಕೆ ಜೋತುಬಿದ್ದ ಪಾರ್ಶ್ವಸರಪಳಿ ಮಾತ್ರ ಒಂದೊಂದರಲ್ಲೂ ಬೇರೆ. ನೀರಿನಲ್ಲಿ ಕರಗಿದಾಗ ಕಾರ್ಬಾಕ್ಸಿಲ್ ಗುಂಪು ಪ್ರೋಟಾನನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶವನ್ನೂ, ಅಮೈನೊ ಗುಂಪು ಪ್ರೋಟಾನನ್ನು ಪಡೆದು ಧನ ವಿದ್ಯುದಂಶವನ್ನೂ ಹೊರುತ್ತವೆ. ಒಂದೇ ಅಣುವಿನಲ್ಲಿ ಎರಡೂ ಬಗೆಯ ವಿದ್ಯುದಂಶಗಳಿರುವ ಈ ಸ್ಥಿತಿಯನ್ನು ಜ್ವಿಟ್ಟರ್ ಅಯಾನು ಎನ್ನುತ್ತಾರೆ. ವಿದ್ಯುದಂಶವಿದ್ದಲ್ಲಿ ನೀರಿನ ಅಣುಗಳು ಸುತ್ತುಗಟ್ಟಿ ನಿಲ್ಲುತ್ತವೆ, ಅವು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಗ್ಲೈಸೀನ್‌ನಲ್ಲಿ ಪಾರ್ಶ್ವಸರಪಳಿ ಎಂದರೆ ಒಂದೇ ಒಂದು ಹೈಡ್ರೊಜನ್. ಹೀಗಾಗಿ ಆ ಅಣುವಿನಲ್ಲಿ ನೀರು ಹಿಡಿದುಕೊಳ್ಳದ ಭಾಗವೇ ಇಲ್ಲವೆನ್ನಬೇಕು. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 250 ಗ್ರಾಂ ಗ್ಲೈಸೀನ್ ಕರಗುತ್ತದೆ. ಅದೇ ನೀರಿನಲ್ಲಿ ಫೀನೈಲ್‌ಅಲನೀನ್ 30 ಗ್ರಾಂ ಕೂಡ ಕರಗದು. ಟೈರೊಸೀನ್ ಅರ್ಧ ಗ್ರಾಂ ಕರಗುವುದೂ ಕಷ್ಟ. ಫೀನೈಲ್‌ಅಲನೀನ್‌ನ ತುದಿಯಲ್ಲಿ ಬೆಂಜೀನ್ ಉಂಗುರವಿದೆ. ಸಕ್ರಿಯ ಇಂಗಾಲದ ಗೋಡೆಯೂ ಜೇನುಹಟ್ಟಿನ ಕಣ್ಣುಗಳಂತೆ ಆರು ಮೂಲೆಯ ಉಂಗುರಗಳು ಕೂಡಿಕೊಂಡ ಹಾಳೆಯೇ. ಸಮತಟ್ಟಾದ ಉಂಗುರ ಸಮತಟ್ಟಾದ ಹಾಳೆಯ ಮೇಲೆ ಮಲಗಿಕೊಳ್ಳುತ್ತದೆ, ಎರಡರ ಎಲೆಕ್ಟ್ರಾನು ಮೋಡಗಳ ನಡುವೆ ಸೆಳೆತ ಹುಟ್ಟುತ್ತದೆ. ಇತ್ತ ನೀರಿಗೂ ಉಂಗುರವನ್ನು ಹೊರಗೆ ತಳ್ಳುವುದೇ ಅನುಕೂಲ. ಗ್ಲೈಸೀನ್‌ಗೆ ಈ ಎರಡು ಲಾಭಗಳಲ್ಲಿ ಒಂದೂ ಇಲ್ಲ. ಉಂಗುರವಿಲ್ಲದಿದ್ದರೂ ಎಣ್ಣೆಯ ಗುಣದ ಸರಪಳಿ ಇರುವ ಲ್ಯೂಸೀನ್ ಇವೆರಡರ ನಡುವೆ ನಿಲ್ಲುತ್ತದೆ. ನಿಮ್ಮಲ್ಲಿ ಲ್ಯೂಸೀನ್ ಇದ್ದರೆ ಅದನ್ನೂ ಒಮ್ಮೆ ಪರೀಕ್ಷಿಸಿ. ಮೂರು ಬಿಂದುಗಳು ಸಿಕ್ಕರೆ ನಿಮ್ಮ ಪ್ರಬಂಧಕ್ಕೆ ಒಂದು ವಾದವೇ ದೊರೆಯುತ್ತದೆ.

ಅಷ್ಟೂ ರಂಧ್ರದ ಗಾತ್ರದ ಮಹಿಮೆ ಎಂದು ಬಹಳ ಕಡೆ ಬರೆದಿರುವುದನ್ನು ಓದಿದ್ದೇನೆ; ಅದನ್ನು ಒಪ್ಪುವುದು ನನಗೆ ಕಷ್ಟ. ರಂಧ್ರ ಬೇಕು, ನಿಜ. ಗ್ರಾಂ ಒಂದಕ್ಕೆ 1,000 ಚದರ ಮೀಟರ್ ಮೇಲ್ಮೈ ಇರುವ ಒಳ್ಳೆಯ ಇಂಗಾಲವನ್ನು ಅಂಗೈಯಲ್ಲಿ ಹಿಡಿದರೆ, ನಮ್ಮ ಕಡೆಯ ಲೆಕ್ಕದಲ್ಲಿ ಹತ್ತು ಗುಂಟೆ ನೆಲ ಒಂದು ಗ್ರಾಂ ಪುಡಿಯೊಳಗೆ ಮಡಿಚಿಕೊಂಡು ಕುಳಿತಿದೆ ಎಂದಾಯಿತು. ಈ ನೆಲದ ಬಹುಪಾಲು 2 ನ್ಯಾನೊಮೀಟರ್‌ಗಿಂತ ಕಿರಿದಾದ ರಂಧ್ರಗಳಲ್ಲಿದೆ. ಆದರೆ ಗಾತ್ರವೊಂದೇ ತೀರ್ಮಾನಿಸುವುದಾಗಿದ್ದರೆ, ಅತಿ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸೀನ್ ಎಲ್ಲ ರಂಧ್ರಗಳಿಗೂ ನುಗ್ಗಿ ಎಲ್ಲಕ್ಕಿಂತ ಹೆಚ್ಚು ಹಿಡಿಯಬೇಕಿತ್ತು. ಅದು ಒಳಗೆ ಹೋಗುತ್ತದೆ, ನಿಲ್ಲುವುದಿಲ್ಲ. ಬಾಗಿಲು ತೆರೆದಿರುವುದು ಬೇರೆ, ಒಳಗೆ ಕೂರಲು ಕಾರಣವಿರುವುದು ಬೇರೆ.

ಇನ್ನು ಪಿಎಚ್, ಎಂದರೆ ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ. ಇದನ್ನು ಬರೆಯದೆ ಅಮೈನೊ ಆಮ್ಲದ ಅಧಿಶೋಷಣೆಯ ಅಂಕಿಯನ್ನು ಕೊಟ್ಟರೆ ಆ ಅಂಕಿಗೆ ಅರ್ಥವಿಲ್ಲ. ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್ ಅನ್ನು ಸಮವಿದ್ಯುತ್ ಬಿಂದು ಎನ್ನುತ್ತೇವೆ. ಫೀನೈಲ್‌ಅಲನೀನ್‌ಗೆ ಅದು 5.48, ಗ್ಲೈಸೀನ್‌ಗೆ 5.97. ಈ ಬಿಂದುವಿನ ಸುತ್ತಮುತ್ತ ಅಣುಗಳ ನಡುವಿನ ವಿಕರ್ಷಣೆ ಕಡಿಮೆ, ನೀರಿನ ಹಿಡಿತವೂ ಸಡಿಲ. ಆದ್ದರಿಂದ ಉಂಗುರವಿರುವ ಅಮೈನೊ ಆಮ್ಲಗಳನ್ನು ಇಂಗಾಲ ಸಾಮಾನ್ಯವಾಗಿ ಅಲ್ಲಿಯೇ ಹೆಚ್ಚು ಹಿಡಿಯುತ್ತದೆ. ಇಂಗಾಲಕ್ಕೂ ತನ್ನದೇ ಸೊನ್ನೆ ಬಿಂದುವಿದೆ. ಫಾಸ್ಫಾರಿಕ್ ಆಮ್ಲದಿಂದ ಮಾಡಿದ ಇಂಗಾಲದ ಮೇಲ್ಮೈಯಲ್ಲಿ ಆಮ್ಲೀಯ ಗುಂಪುಗಳು ಹೆಚ್ಚಾಗಿರುವುದರಿಂದ ತಟಸ್ಥ ನೀರಿನಲ್ಲಿ ಅದು ಋಣ ವಿದ್ಯುದಂಶ ಹೊತ್ತಿರುತ್ತದೆ. ಸಮವಿದ್ಯುತ್ ಬಿಂದು 9.74 ಇರುವ ಲೈಸೀನ್ ಅದೇ ನೀರಿನಲ್ಲಿ ಧನ ವಿದ್ಯುದಂಶ ಹೊತ್ತಿರುವುದರಿಂದ ಇಂತಹ ಇಂಗಾಲದ ಕಡೆಗೆ ಸೆಳೆಯಲ್ಪಡುತ್ತದೆ. ಆ ಬಿಂದು 3.22 ಇರುವ ಗ್ಲುಟಾಮಿಕ್ ಆಮ್ಲ ದೂರ ಸರಿಯುತ್ತದೆ. ಹಬೆಯಿಂದ ಮಾಡಿದ, ಕ್ಷಾರೀಯ ಮೇಲ್ಮೈಯ ಇಂಗಾಲದಲ್ಲಿ ಈ ಕ್ರಮ ಬದಲಾಗಬಹುದು. ಆದ್ದರಿಂದ ‘ನನ್ನ ಇಂಗಾಲ ಎಷ್ಟು ಹಿಡಿಯುತ್ತದೆ’ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಯಾವ ಅಮೈನೊ ಆಮ್ಲವನ್ನು, ಯಾವ ಪಿಎಚ್‌ನಲ್ಲಿ, ಯಾವ ಮೇಲ್ಮೈ ಎಂಬುದು ಸೇರಿದಾಗಲೇ ಅದು ಪೂರ್ತಿಯಾಗುತ್ತದೆ.

ಪ್ರಮಾಣ ಹೆಚ್ಚಿಸುವ ಸಲಹೆಯ ವಿಷಯ. ಲೆಕ್ಕ ತೋರಿಸಲು ಒಂದು ಉದಾಹರಣೆ ತೆಗೆದುಕೊಳ್ಳಿ. ಲೀಟರಿಗೆ 200 ಮಿಲಿಗ್ರಾಂ ಇರುವ 50 ಮಿಲಿಲೀಟರ್ ದ್ರಾವಣಕ್ಕೆ 0.1 ಗ್ರಾಂ ಇಂಗಾಲ ಹಾಕಿದಾಗ ಕೊನೆಗೆ ಲೀಟರಿಗೆ 120 ಮಿಲಿಗ್ರಾಂ ಉಳಿಯಿತೆನ್ನಿ. ಇಂಗಾಲ ಹಿಡಿದದ್ದು 4 ಮಿಲಿಗ್ರಾಂ; ಗ್ರಾಂ ಇಂಗಾಲಕ್ಕೆ 40 ಮಿಲಿಗ್ರಾಂ. ಇಂಗಾಲವನ್ನು 0.2 ಗ್ರಾಂಗೆ ಏರಿಸಿದಾಗ 80 ಮಿಲಿಗ್ರಾಂ ಉಳಿದರೆ, ಹಿಡಿದದ್ದು 6 ಮಿಲಿಗ್ರಾಂ. ಗ್ರಾಂಗೆ 30 ಮಾತ್ರ. ಶೇಕಡಾವಾರು ತೆಗೆತ 40ರಿಂದ 60ಕ್ಕೆ ಏರಿತು, ಇಂಗಾಲದ ಪ್ರತಿ ಗ್ರಾಂನ ದುಡಿಮೆ ಇಳಿಯಿತು. ಶೇಕಡಾ 60 ಎಂದು ಬರೆದವರು ಸುಳ್ಳು ಹೇಳಿದಂತಾಗುವುದಿಲ್ಲ, ಆದರೆ ಇಂಗಾಲದ ಗುಣ ಅದರಿಂದ ತಿಳಿಯುವುದೂ ಇಲ್ಲ. ಗ್ಲೈಸೀನ್‌ಗೆ ಪ್ರಮಾಣ ಹೆಚ್ಚಿಸಿದರೆ ಶೇಕಡಾವಾರು ಸ್ವಲ್ಪ ಏರೀತು, ಸ್ವಭಾವ ಬದಲಾಗದು. ದಯವಿಟ್ಟು ಎರಡೂ ಅಂಕಿಗಳನ್ನು ಕೊಡಿ. ‘ಗ್ಲೈಸೀನ್ ಹಿಡಿಯಲಿಲ್ಲ’ ಎಂಬುದನ್ನು ವೈಫಲ್ಯವೆಂದು ಬಚ್ಚಿಡದೆ ಫಲಿತಾಂಶವೆಂದೇ ಬರೆಯಿರಿ.

ಈಗ ಅಳತೆ. ನಿನ್‌ಹೈಡ್ರಿನ್ ಹಾಕಿ ಕುದಿಯುವ ನೀರಿನ ಪಾತ್ರೆಯಲ್ಲಿ ಪರೀಕ್ಷಾ ನಳಿಕೆಯನ್ನು ಇಟ್ಟಾಗ, ಮೊದಲು ತಿಳಿಹಳದಿಯಾಗಿದ್ದ ದ್ರವದಲ್ಲಿ ಮಾಸಲು ನೀಲಿ ಮೂಡಿ, ನಿಮಿಷಗಳಲ್ಲಿ ನೇರಳೆಹಣ್ಣಿನ ರಸದಂತೆ ಗಾಢವಾಗುವುದನ್ನು ನೀವು ನೋಡಿದ್ದೀರಿ. ಆ ಬಣ್ಣವನ್ನೇ 570 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತೇವೆ. ಆದರೆ ಆ ಬಣ್ಣ ಅಮೈನೊ ಆಮ್ಲದ ಪ್ರಮಾಣವನ್ನು ಮಾತ್ರ ಅನುಸರಿಸುವುದಿಲ್ಲ. ಪಿಎಚ್, ಕಾಯಿಸಿದ ಹೊತ್ತು, ಅಮೋನಿಯದ ಸುಳಿವು, ಎಲ್ಲದಕ್ಕೂ ಸ್ಪಂದಿಸುತ್ತದೆ. ಸೋಸುಕಾಗದವನ್ನು ದಾಟಿ ಬಂದ ಕಣ್ಣಿಗೆ ಕಾಣದ ಇಂಗಾಲದ ಕಣಗಳು ಬೆಳಕನ್ನು ಚದುರಿಸಿ, ಬಣ್ಣ ಹೆಚ್ಚಿದೆ ಎಂದು ಕಲರಿಮೀಟರನ್ನು ನಂಬಿಸುತ್ತವೆ. ರಾಯಚೂರಿನ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ಕೋಣೆಯಲ್ಲಿ, ಬಾಯಿ ಮುಚ್ಚದ ಫ್ಲಾಸ್ಕನ್ನು ಗಂಟೆಗಟ್ಟಲೆ ಅಲುಗಾಡಿಸಿದರೆ ನೀರು ಆವಿಯಾಗಿ ದ್ರಾವಣವೇ ಗಟ್ಟಿಯಾಗುತ್ತದೆ. ಗ್ಲೈಸೀನ್‌ನಂತೆ ಹೆಚ್ಚು ಹಿಡಿಯದ ವಸ್ತುವಿನಲ್ಲಿ ಈ ಸಣ್ಣ ತಪ್ಪುಗಳೇ ನಿಜವಾದ ವ್ಯತ್ಯಾಸಕ್ಕಿಂತ ದೊಡ್ಡದಾಗಿ, ‘ಹೆಚ್ಚಾದ ಗ್ಲೈಸೀನ್’ ಕಾಣಿಸಿಕೊಳ್ಳುತ್ತದೆ.

ಇದರ ತಿರುಗುಮುರುಗಾದ ತಪ್ಪು ಇನ್ನೂ ಅಪಾಯಕಾರಿ, ಅದನ್ನು ನಾನು ಸ್ವತಃ ಅನುಭವಿಸಿದ್ದೇನೆ. ಅಧ್ಯಾಪಕನಾಗಿದ್ದ ಮೊದಲ ವರ್ಷಗಳಲ್ಲಿ ಶೇಂಗಾ ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಿಂದ ಇಂಗಾಲ ಮಾಡಿ ಗ್ಲೈಸೀನ್‌ನೊಡನೆ ಪರೀಕ್ಷಿಸುತ್ತಿದ್ದೆವು. ಎರಡು ವಾರ ಅದ್ಭುತ ಫಲಿತಾಂಶ ಬಂತು: ನೇರಳೆ ಬಣ್ಣ ಹೆಚ್ಚು ಕಡಿಮೆ ಮಾಯವಾಗುತ್ತಿತ್ತು. ನನ್ನ ಬಳಿ ಪ್ರಾಯೋಗಿಕ ತರಗತಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿ, ಇಂಗಾಲವನ್ನು ಬರಿಯ ನೀರಿನಲ್ಲಿ ಅಲುಗಾಡಿಸಿ ಸೋಸಿ, ಇಂಗಾಲವೇ ಇಲ್ಲದ ಆ ಸೋಸಿದ ನೀರಿಗೆ ಗ್ಲೈಸೀನ್ ಹಾಕಿ ಪರೀಕ್ಷಿಸಿದ. ಅಲ್ಲಿಯೂ ಬಣ್ಣ ಏಳಲಿಲ್ಲ. ತೊಳೆಯುವಾಗ ರಂಧ್ರಗಳೊಳಗೆ ಉಳಿದಿದ್ದ ಆಮ್ಲ ನೀರಿಗೆ ಇಳಿದು, ಪಿಎಚ್ ಕುಸಿದು, ನಿನ್‌ಹೈಡ್ರಿನ್ ಕ್ರಿಯೆಯೇ ನಿಂತಿತ್ತು. ಎರಡು ವಾರದ ಪುಟಗಳನ್ನು ಅಂದೇ ಅಡ್ಡಗೀಟು ಎಳೆದು ಹೊಡೆದುಹಾಕಿದೆವು. ಆ ಹುಡುಗ ಮಾಡಿದ ಪರೀಕ್ಷೆಯನ್ನು ನೀವೂ ಎಲ್ಲಕ್ಕಿಂತ ಮೊದಲು ಮಾಡಿ. ಇಂಗಾಲವನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ತೊಳೆದ ನೀರಿನ ಪಿಎಚ್ ತಟಸ್ಥಕ್ಕೆ ಬಂದ ಮೇಲೂ ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಇನ್ನೊಮ್ಮೆ ನೋಡಿ, ಏಕೆಂದರೆ ಒಳರಂಧ್ರದ ಆಮ್ಲ ನಿಧಾನವಾಗಿ ಹೊರಬರುತ್ತದೆ. ಪ್ರತಿ ಸರಣಿಯಲ್ಲೂ ಅಮೈನೊ ಆಮ್ಲವಿಲ್ಲದ ಇಂಗಾಲದ ಒಂದು ಫ್ಲಾಸ್ಕ್, ಇಂಗಾಲವಿಲ್ಲದ ಅಮೈನೊ ಆಮ್ಲದ ಒಂದು ಫ್ಲಾಸ್ಕ್ ಇರಲೇಬೇಕು. ಪಿಎಚ್ ಬದಲಾಗದಂತೆ ತಡೆಯುವ ಬಫರ್ ಸೇರಿದ ನಿನ್‌ಹೈಡ್ರಿನ್ ಬಳಸಿ, ಸೋಸಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲೂ ತಿರುಗಿಸಿ.

ದ್ರಾವಣದಲ್ಲಿ ಉಳಿದದ್ದಕ್ಕೂ ಇಂಗಾಲ ಹಿಡಿದದ್ದಕ್ಕೂ ಇರುವ ನಂಟನ್ನು ಹೇಳುವ ಲ್ಯಾಂಗ್‌ಮ್ಯೂರ್ ಮತ್ತು ಫ್ರಾಯಿಂಡ್ಲಿಷ್ ಸಮೀಕರಣಗಳಲ್ಲಿ ಯಾವುದಕ್ಕೆ ಅಂಕಿಗಳು ಹೊಂದುತ್ತವೆ ಎಂಬ ನಿಮ್ಮ ಕೊನೆಯ ಸಾಲಿಗೆ ಚಿಕ್ಕ ಉತ್ತರ ಸಾಕು. ಮೇಲ್ಮೈಯ ರಸಾಯನಶಾಸ್ತ್ರಕ್ಕಾಗಿ 1932ರಲ್ಲಿ ನೊಬೆಲ್ ಪಡೆದ ಲ್ಯಾಂಗ್‌ಮ್ಯೂರ್ ಅವರ ಸಮೀಕರಣ, ಎಲ್ಲ ಸ್ಥಾನಗಳೂ ಒಂದೇ ತೆರನಾಗಿವೆ, ಅಣುಗಳು ಒಂದೇ ಪದರದಲ್ಲಿ ಕೂರುತ್ತವೆ ಎಂದು ಭಾವಿಸುತ್ತದೆ. ಹೊಟ್ಟಿನ ಇಂಗಾಲದಲ್ಲಿ ಎಲ್ಲ ಸ್ಥಾನಗಳೂ ಒಂದೇ ಆಗಿರುವುದಿಲ್ಲ. ಗೆರೆ ಚೆನ್ನಾಗಿ ಕೂಡಿತೆಂದ ಮಾತ್ರಕ್ಕೆ ಒಳಗಿನ ಕ್ರಿಯೆ ಅದೇ ಎಂದು ಸಾಧಿಸಿದಂತಾಗದು. ಸಮೀಕರಣವನ್ನು ಅಂಕಿಗಳನ್ನು ಸಂಗ್ರಹಿಸಿಡುವ ಸಾಧನವಾಗಿ ಬಳಸಿ.

ಪ್ರಶ್ನೆ: ಅಮೈನೊ ಆಮ್ಲಗಳು ಪೌಷ್ಟಿಕಾಂಶಗಳು. ಅವುಗಳನ್ನು ಇಂಗಾಲದಿಂದ ತೆಗೆದುಹಾಕಬೇಕಾದ ಅಗತ್ಯವಾದರೂ ಏನು? ವಿದ್ಯಾರ್ಥಿಗಳು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. (ಪ್ರೌಢಶಾಲಾ ಶಿಕ್ಷಕರು, ಕೊಪ್ಪಳ)

ಉತ್ತರ: ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಮಗುವಿನ ಕಥೆಯನ್ನು ಹೇಳಬಹುದು. ಫೀನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ಕಾಯಿಲೆಯಲ್ಲಿ ಫೀನೈಲ್‌ಅಲನೀನ್ ಅನ್ನು ಟೈರೊಸೀನ್ ಆಗಿ ಬದಲಾಯಿಸುವ ಕಿಣ್ವ ಕೆಲಸ ಮಾಡುವುದಿಲ್ಲ. ಫೀನೈಲ್‌ಅಲನೀನ್ ರಕ್ತದಲ್ಲಿ ಶೇಖರವಾಗಿ ಎಳೆಯ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ. ಇದನ್ನು 1934ರಲ್ಲಿ ನಾರ್ವೆಯ ವೈದ್ಯ ಅಸ್‌ಬ್ಯೋರ್ನ್ ಫೋಲಿಂಗ್ ಇಬ್ಬರು ಒಡಹುಟ್ಟಿದ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಮೂಡಿದ ಹಸಿರು ಬಣ್ಣದ ಜಾಡು ಹಿಡಿದು ಗುರುತಿಸಿದರು. ರೋಗ ಗೊತ್ತಾಯಿತು, ಊಟ ಗೊತ್ತಾಗಲಿಲ್ಲ. ಹಾಲಿರಲಿ, ಬೇಳೆಯಿರಲಿ, ಪ್ರೋಟೀನ್ ಇರುವ ಪ್ರತಿಯೊಂದು ಆಹಾರದಲ್ಲೂ ಫೀನೈಲ್‌ಅಲನೀನ್ ಇದ್ದೇ ಇರುತ್ತದೆ. ಪ್ರೋಟೀನ್ ಇಲ್ಲದೆ ಮಗು ಬೆಳೆಯದು.

ದಾರಿ ತೋರಿಸಿದ್ದು ಇಂಗಾಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕ್ಕೆಲ್ ಮತ್ತು ಅವರ ಜೊತೆಗಾರರು ಹಾಲಿನ ಕೇಸೀನ್ ಪ್ರೋಟೀನನ್ನು ಬಿಡಿ ಅಮೈನೊ ಆಮ್ಲಗಳಾಗಿ ಒಡೆದು, ಆ ದ್ರಾವಣವನ್ನು ಸಕ್ರಿಯ ಇಂಗಾಲದಿಂದ ಸಂಸ್ಕರಿಸಿ, ಫೀನೈಲ್‌ಅಲನೀನ್ ತೆಗೆದ ಆಹಾರವನ್ನು ಸುಮಾರು ಎರಡು ವರ್ಷದ ಒಂದು ಹೆಣ್ಣುಮಗುವಿಗೆ ಕೊಟ್ಟರು. ಅವರ ವರದಿ 1953ರಲ್ಲಿ ಪ್ರಕಟವಾಯಿತು. ಸಿಂಧನೂರಿನ ವಿದ್ಯಾರ್ಥಿನಿಯ ಫ್ಲಾಸ್ಕಿನಲ್ಲಿ ನಡೆದದ್ದೇ ಅಲ್ಲಿಯೂ ನಡೆಯಿತು: ಇಂಗಾಲ ಉಂಗುರವಿರುವ ಅಮೈನೊ ಆಮ್ಲಗಳನ್ನು ಹಿಡಿದುಕೊಂಡು ಉಳಿದವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಆದರೆ ಅದಕ್ಕೆ ಫೀನೈಲ್‌ಅಲನೀನ್ ಒಂದನ್ನೇ ಹೆಕ್ಕಲು ಬರುವುದಿಲ್ಲ. ಟೈರೊಸೀನ್, ಟ್ರಿಪ್ಟೊಫಾನ್‌ಗಳಿಗೂ ಉಂಗುರವಿರುವುದರಿಂದ ಅವೂ ಹೋಗುತ್ತವೆ. ಹಾಗಾಗಿ ಆ ಎರಡನ್ನು ಕೊನೆಯಲ್ಲಿ ಮತ್ತೆ ಅಳೆದು ಸೇರಿಸಬೇಕಾಯಿತು. ಇಂದು ಈ ಮಕ್ಕಳ ಆಹಾರವನ್ನು ಹೆಚ್ಚಾಗಿ ಶುದ್ಧ ಅಮೈನೊ ಆಮ್ಲಗಳನ್ನು ಬೆರೆಸಿಯೇ ತಯಾರಿಸುತ್ತಾರೆ. ಸಕ್ಕರೆ ಇಲ್ಲದ ಪಾನೀಯಗಳಲ್ಲಿ ಬಳಸುವ ಆಸ್ಪರ್ಟೇಮ್‌ನಿಂದಲೂ ಫೀನೈಲ್‌ಅಲನೀನ್ ಹುಟ್ಟುವುದರಿಂದ, ಈ ಕಾಯಿಲೆಯವರು ಸೇವಿಸಬಾರದೆಂಬ ಎಚ್ಚರಿಕೆಯನ್ನು ಅವುಗಳ ಡಬ್ಬಿಯ ಮೇಲೆ ಮುದ್ರಿಸಿರುತ್ತಾರೆ. ಅಂತಹ ಒಂದು ಡಬ್ಬಿಯನ್ನು ತರಗತಿಗೆ ಒಯ್ದು ತೋರಿಸಿ.

ಬೇರೆ ಕಾರಣಗಳೂ ಇವೆ. ಹುದುಗು ಬರಿಸಿ ಗ್ಲುಟಾಮೇಟ್ ತಯಾರಿಸುವ ಕಾರ್ಖಾನೆಗಳಲ್ಲಿ ದ್ರಾವಣದ ಕಂದು ಬಣ್ಣವನ್ನು ಇಂಗಾಲದಿಂದ ತೆಗೆಯುತ್ತಾರೆ. ವಿದ್ಯುದಂಶ ಹೊತ್ತ ಗ್ಲುಟಾಮೇಟ್ ನೀರಿನಲ್ಲಿಯೇ ಉಳಿಯುವುದರಿಂದ ನಷ್ಟ ಕಡಿಮೆ. ಟ್ರಿಪ್ಟೊಫಾನ್ ತಯಾರಿಸುವವರು ಅದೇ ಕ್ರಮವನ್ನು ಕಣ್ಣುಮುಚ್ಚಿ ಅನುಸರಿಸಿದರೆ ಬಣ್ಣದ ಜೊತೆಗೆ ಸರಕೂ ಹೋಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣದಲ್ಲಿ, ಪಾಚಿ ಮತ್ತು ಕೊಳಚೆಯಿಂದ ಬಂದ ಅಮೈನೊ ಆಮ್ಲಗಳು ಕ್ಲೋರಿನ್ ಅನ್ನು ನುಂಗಿ, ವಾಸನೆ ಬೀರುವ ಉಪವಸ್ತುಗಳನ್ನು ಉಂಟುಮಾಡುತ್ತವೆ.

ಪ್ರಶ್ನೆ: ನಮ್ಮದು ಗಂಗಾವತಿಯ ಅಕ್ಕಿ ಗಿರಣಿ. ಬಾಯ್ಲರ್‌ನಿಂದ ಬರುವ ಹೊಟ್ಟಿನ ಕಪ್ಪು ಬೂದಿ ಗುಡ್ಡೆ ಬಿದ್ದಿದೆ. ಅದನ್ನೇ ಜರಡಿ ಹಿಡಿದು ಸಕ್ರಿಯ ಇಂಗಾಲವೆಂದು ಬಳಸಬಹುದೇ?

ಉತ್ತರ: ಹಾಗೆಯೇ ಬಳಸಲು ಬರುವುದಿಲ್ಲ, ಅದರ ಕಾರಣವನ್ನು ನಿಮ್ಮ ಹೆಬ್ಬೆರಳೇ ಹೇಳುತ್ತದೆ. ಒಂದು ಹೊಟ್ಟನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ; ಉಪ್ಪುಕಾಗದದಂತೆ ಗೀರುವ ಆ ಒರಟುತನ ಸಿಲಿಕಾದ್ದು. ಭತ್ತದ ಬೇರು ನೀರಿನೊಡನೆ ಸಿಲಿಸಿಕ್ ಆಮ್ಲವನ್ನು ಹೀರಿ ಹೊಟ್ಟಿನ ಹೊರಮೈಯಲ್ಲಿ ಗಟ್ಟಿಯಾಗಿ ಜೋಡಿಸಿಡುತ್ತದೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಹೊಟ್ಟನ್ನು ಪೂರ್ತಿ ಸುಟ್ಟರೆ ಅದರ ಸುಮಾರು ಐದನೆಯ ಒಂದು ಭಾಗ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95ರಷ್ಟು ಸಿಲಿಕಾ. ನಿಮ್ಮ ಗುಡ್ಡೆಯ ಕಪ್ಪು ಬಣ್ಣ ಸುಡದೆ ಉಳಿದ ಸ್ವಲ್ಪ ಇಂಗಾಲದ್ದು. ಕಪ್ಪಗಿರುವುದೆಲ್ಲ ಸಕ್ರಿಯವಲ್ಲ.

ಬೂದಿಯ ಬದಲು ಹೊಟ್ಟಿನಿಂದ ಹೊರಡಬೇಕು. ಗಾಳಿ ಕಡಿಮೆ ಮಾಡಿ 400ರಿಂದ 500 ಡಿಗ್ರಿಯಲ್ಲಿ ಸುಟ್ಟ ಹೊಟ್ಟನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕುದಿಸಿದರೆ ಸಿಲಿಕಾ ಸೋಡಿಯಂ ಸಿಲಿಕೇಟ್ ಆಗಿ ಕರಗಿ ಹೊರಬರುತ್ತದೆ. ಅದು ತೆರವು ಮಾಡಿದ ಜಾಗವೇ ರಂಧ್ರವಾಗುತ್ತದೆ; ಆಮೇಲೆ ಹಬೆಯಿಂದ ಅಥವಾ ರಾಸಾಯನಿಕದಿಂದ ಸಕ್ರಿಯಗೊಳಿಸಬೇಕು. ಹೊರಬಂದ ಸೋಡಿಯಂ ಸಿಲಿಕೇಟಿಗೂ ಸಾಬೂನು, ಅಂಟು ಮುಂತಾದ ಉದ್ಯಮಗಳಲ್ಲಿ ಬೇಡಿಕೆಯಿದೆ. ಅದನ್ನು ಚೆಲ್ಲಿದರೆ ಲೆಕ್ಕ ಹೊಂದುವುದಿಲ್ಲ. ವಿದ್ಯಾರ್ಥಿನಿಗೂ ಇಲ್ಲೊಂದು ಮಾತು: ಸಿಲಿಕಾ ತೆಗೆಯದ ಹೊಟ್ಟಿನ ಇಂಗಾಲದ ತೂಕದಲ್ಲಿ ದೊಡ್ಡ ಪಾಲು ಸಿಲಿಕಾ ಆಗಿರುವುದರಿಂದ, ಗ್ರಾಂವಾರು ಲೆಕ್ಕದಲ್ಲಿ ಅದು ಹತ್ತಿ ಕಟ್ಟಿಗೆಯ ಇಂಗಾಲಕ್ಕಿಂತ ಹಿಂದೆ ಬಿದ್ದರೆ ಆಶ್ಚರ್ಯವಿಲ್ಲ, ಹತ್ತಿ ಕಟ್ಟಿಗೆಯಲ್ಲಿ ಬೂದಿ ಬಹಳ ಕಡಿಮೆ.

ಎರಡು ಎಚ್ಚರಿಕೆಗಳನ್ನು ಗಿರಣಿಯವರು ಮನಸ್ಸಿಟ್ಟು ಓದಬೇಕು. ಹೆಚ್ಚು ಶಾಖಕ್ಕೆ ಸಿಕ್ಕ ಬೂದಿಯಲ್ಲಿ ಸಿಲಿಕಾ ಹರಳುಗಟ್ಟುತ್ತದೆ, ಅದರ ದೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ. ಗುಡ್ಡೆಯ ಹತ್ತಿರ ಕೆಲಸ ಮಾಡುವ ಹಮಾಲರಿಗೆ ಒದ್ದೆಮಾಡಿದ ಬೂದಿ ಮತ್ತು ಸರಿಯಾದ ಮಾಸ್ಕ್ ಎರಡೂ ಬೇಕು. ಇನ್ನು ಕಾಸ್ಟಿಕ್ ಸೋಡಾ, ಜಿಂಕ್ ಕ್ಲೋರೈಡ್, ಆಮ್ಲಗಳಲ್ಲಿ ತೊಳೆದ ನೀರನ್ನು ಕಾಲುವೆಗೆ ಬಿಡಬಾರದು. ತುಂಗಭದ್ರಾ ಎಡದಂಡೆ ಕಾಲುವೆಯ ಅದೇ ನೀರು ಮುಂದೆ ಸಿಂಧನೂರು, ಮಾನ್ವಿಯ ಗದ್ದೆಗಳಿಗೆ ಹೋಗುತ್ತದೆ.

ಪ್ರಶ್ನೆ: ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹೊಟ್ಟಿನ ಇಂಗಾಲ ಹಾಕಿದರೆ ಹೋಗುತ್ತದೆಯೇ? (ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು)

ಉತ್ತರ: ಇಲ್ಲ, ದಯವಿಟ್ಟು ಅದನ್ನು ನಂಬಿ ಮಕ್ಕಳಿಗೆ ಆ ನೀರು ಕುಡಿಸಬೇಡಿ. ಫ್ಲೋರೈಡ್ ಅಯಾನು ಗ್ಲೈಸೀನ್‌ಗಿಂತಲೂ ಗಟ್ಟಿಯಾಗಿ ನೀರಿಗೆ ಅಂಟಿಕೊಂಡಿರುವ ಸಣ್ಣ ಅಯಾನು. ಸಾಮಾನ್ಯ ಇಂಗಾಲ ಅದನ್ನು ಸಾಕಷ್ಟು ಹಿಡಿಯುವುದಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಸಕ್ರಿಯ ಅಲ್ಯುಮಿನಾ, ಆಲಂ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನ, ಅಥವಾ ಆರ್‌ಒ ಘಟಕ ಇದಕ್ಕೆ ಸರಿಯಾದ ದಾರಿಗಳು. ಇಂಗಾಲದಿಂದ ನೀರಿನ ವಾಸನೆ ಹೋಗಿ ರುಚಿ ಸುಧಾರಿಸುತ್ತದೆ, ಅದರಿಂದಲೇ ಫ್ಲೋರೈಡ್ ಕೂಡ ಹೋಯಿತೆಂಬ ಭ್ರಮೆ ಹುಟ್ಟುತ್ತದೆ.

ಪ್ರಶ್ನೆ: ನಮ್ಮ ಕಡೆ ಬಳ್ಳಾರಿ ಜಾಲಿಯಿಂದ ಇದ್ದಿಲು ಸುಡುತ್ತಾರೆ. ಆ ಇದ್ದಿಲನ್ನು ಪುಡಿಮಾಡಿ ಶಾಲೆಯಲ್ಲಿ ಅಧಿಶೋಷಣೆಯ ಪ್ರಯೋಗ ತೋರಿಸಬಹುದೇ? (ವಿಜ್ಞಾನ ಶಿಕ್ಷಕಿ, ಬಳ್ಳಾರಿ)

ಉತ್ತರ: ತೋರಿಸಬಹುದು, ಅದೂ ಹೋಲಿಕೆಗಾಗಿ. ಗೂಡಿನಲ್ಲಿ ಸುಟ್ಟ ಇದ್ದಿಲಿನ ರಂಧ್ರಗಳಲ್ಲಿ ಡಾಂಬರಿನಂತಹ ವಸ್ತು ಕಟ್ಟಿಕೊಂಡಿರುವುದರಿಂದ ಅದರ ಒಳಮೇಲ್ಮೈ ಬಹಳ ಕಡಿಮೆ. ಕಾರ್ಖಾನೆಯಲ್ಲಿ ಅದನ್ನು 800 ಡಿಗ್ರಿಗೂ ಮೇಲೆ ಹಬೆಯೊಡನೆ ಕಾಯಿಸಿದಾಗ ಆ ಕಟ್ಟು ಹೋಗಿ, ಗೋಡೆಯೂ ಸ್ವಲ್ಪ ಸವೆದು, ರಂಧ್ರಗಳು ತೆರೆಯುತ್ತವೆ. ಆಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಜನ್ ಹೊರಬರುವುದರಿಂದ ಇದನ್ನು ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಪ್ರಯತ್ನಿಸಲೇಬಾರದು.

ಎರಡು ಗಾಜಿನ ಲೋಟಗಳಲ್ಲಿ ನೀರಿಗೆ ಟಿಂಕ್ಚರ್ ಅಯೊಡಿನ್ ಕೆಲವು ಹನಿ ಹಾಕಿ, ಹಾಲಿಲ್ಲದ ತಿಳಿ ಚಹಾದ ಬಣ್ಣ ಬರಿಸಿ. ಒಂದಕ್ಕೆ ಜಾಲಿ ಇದ್ದಿಲಿನ ಪುಡಿ, ಇನ್ನೊಂದಕ್ಕೆ ಅಷ್ಟೇ ತೂಕದ ಸಕ್ರಿಯ ಇಂಗಾಲ ಹಾಕಿ, ಐದು ನಿಮಿಷ ಕಲಕಿ ಸೋಸಿ. ಸಕ್ರಿಯ ಇಂಗಾಲದ ಲೋಟದ ನೀರು ತಿಳಿಯಾಗುತ್ತದೆ. ಇದ್ದಿಲಿನದ್ದರಲ್ಲಿ ಬಣ್ಣ ಬಹುಪಾಲು ಉಳಿಯುತ್ತದೆ. ಉದ್ಯಮದಲ್ಲಿ ಇಂಗಾಲದ ದರ್ಜೆ ಹೇಳುವ ಅಯೊಡಿನ್ ಸಂಖ್ಯೆಯ ಪರೀಕ್ಷೆಯೂ ಇದೇ ತತ್ತ್ವದ್ದು. ಒಂದನ್ನು ಮಾತ್ರ ಮರೆಯಬೇಡಿ: ಇದ್ದಿಲಿಗೆ ಅಂಟಿದ ಬೂದಿ ಕ್ಷಾರೀಯ, ಕ್ಷಾರವೂ ಅಯೊಡಿನ್ನಿನ ಬಣ್ಣವನ್ನು ತೆಗೆಯುತ್ತದೆ. ಆದ್ದರಿಂದ ಎರಡೂ ಪುಡಿಗಳನ್ನು ಹಿಂದಿನ ದಿನವೇ ಸ್ವಲ್ಪ ವಿನೆಗರ್ ಬೆರೆಸಿದ ನೀರಿನಲ್ಲಿ ಕುದಿಸಿ, ತಿಳಿನೀರಿನಲ್ಲಿ ನಾಲ್ಕೈದು ಸಲ ತೊಳೆದು, ಲಿಟ್ಮಸ್ ಕಾಗದದ ಬಣ್ಣ ಬದಲಾಗುವುದಿಲ್ಲವೆಂದು ಮಕ್ಕಳ ಕೈಯಿಂದಲೇ ನೋಡಿಸಿ, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ.